ತೊಳೆಯದೆ ತನ್ನಿ

ನಮ್ಮೂರಿನಲ್ಲಿ ದಿನಾ ಬೆಳಿಗ್ಗೆ ಗ್ಯಾಸಿನ ಕೊಳವೆಗೆ ಸೋಪಿನ ನೊರೆ ಹಚ್ಚಿ ನೋಡಿ ಆಮೇಲೆ ಒಲೆ ಹಚ್ಚುತ್ತಾರೆ. ಗುಳ್ಳೆ ಎದ್ದರೆ ಅವತ್ತು ಸೌದೆ. ಗಡಿಕಲ್ಲಿನ ಒಳಗೆ ಯಾವುದಕ್ಕೂ ವಾಸನೆ ಇಲ್ಲದ ಊರಿನಲ್ಲಿ ಇಷ್ಟಾದರೂ ಎಚ್ಚರ ಬೇಕು. ಸಾರಿಗೆ ಇಂಗು ಹಾಕುವುದಿಲ್ಲ, ಹಾಕಿ ಏನೂ ಆಗುವುದಿಲ್ಲ. ಕಾಫಿಯನ್ನು ಜ್ವರ ಬಂದವರಿಗೆ ಕಷಾಯದ ಹಾಗೆ ಕುಡಿಸುತ್ತಾರೆ. ಮದುವೆ ಹೆಣ್ಣು ಮಲ್ಲಿಗೆ ಮುಡಿದರೂ ಒಂದೇ, ಬಿಳಿ ಕಾಗದ ಮುಡಿದರೂ ಒಂದೇ. ಹೆಚ್ಚಿನವರು ಕಾಗದ ಮುಡಿಯುತ್ತಾರೆ, ಬಾಡುವುದಿಲ್ಲ. ನಾಲಿಗೆಗೆ ಉಳಿದಿರುವುದು ಉಪ್ಪು, ಹುಳಿ, ಸಿಹಿ, ಕಹಿ, ಖಾರ. ಅದರಲ್ಲೂ ಶುಂಠಿಯ ಖಾರ. ಅನ್ನ ಇಲ್ಲದಿದ್ದರೆ ರಾಗಿ ತಿಂದುಕೊಂಡು ಇರುತ್ತೇವೆ. ಶುಂಠಿ ಇಲ್ಲದಿದ್ದರೆ ಊಟ ಮಾಡಿದ್ದೇ ಗೊತ್ತಾಗುವುದಿಲ್ಲ.

ಪೂರ್ವದ ಗಡಿಕಲ್ಲಿನಿಂದ ಹತ್ತು ಹೆಜ್ಜೆ ಆಚೆಗೆ ಒಂದು ಕಟ್ಟೆ, ಅದರ ಮೇಲೆ ನಾಲ್ಕು ತಗಡು. ಅದಕ್ಕೆ ಮೂಗುಕಟ್ಟೆ ಎನ್ನುತ್ತಾರೆ. ಅಲ್ಲಿ ಕೂತು, ಜನ ತಂದದ್ದನ್ನು ಮೂಸಿ ಹೇಳುವುದು ನನ್ನ ಕೆಲಸ. ಹಾಲು, ಮೀನು, ಕಡಲೆಕಾಯಿ ಎಣ್ಣೆ, ಮಗುವಿನ ಕಿವಿಗೆ ಇಟ್ಟಿದ್ದ ಹತ್ತಿ, ಏನು ಬೇಕಾದರೂ ಬರುತ್ತದೆ. ಕಲ್ಲು ದಾಟಿದರೆ ವಾಸನೆ ಎಲ್ಲರಿಗೂ ಬರುತ್ತದೆ. ಆದರೆ ಯಾವುದು ಯಾವುದರದು ಎಂದು ಹೇಳಲು ಬರುವುದಿಲ್ಲ, ಮೂಗಿಗೆ ಅಭ್ಯಾಸವಿಲ್ಲ. ನಾನು ಮೂರು ವರ್ಷ ಹೊರಗೆ ಹಾಸ್ಟೆಲಿನಲ್ಲಿದ್ದು ಕಲಿತೆ. ಮೊದಲ ವಾರ ಹದಿನೇಳು ಹುಡುಗಿಯರ ತಲೆಯೆಣ್ಣೆಗೆ ವಾಂತಿ ಮಾಡಿಕೊಂಡೆ. ವರ್ಷ ಕಳೆಯುವುದರೊಳಗೆ ಕಣ್ಣು ಮುಚ್ಚಿಕೊಂಡು ಯಾವ ದಿಂಬು ಯಾರದು ಎಂದು ಹೇಳುತ್ತಿದ್ದೆ. ಬಿ.ಎ. ಕೊಡಿಸದ ನೌಕರಿಯನ್ನು ಅದು ಕೊಡಿಸಿತು.

ಈ ಕೆಲಸದಲ್ಲಿ ಒಂದೇ ತೊಂದರೆ. ಕಟ್ಟೆಗೆ ತರುವ ಮೊದಲು ಜನ ಎಲ್ಲವನ್ನೂ ತೊಳೆಯುತ್ತಾರೆ. ಹತ್ತು ಮಂದಿ ಕೂತಿರುವ ಜಾಗದಲ್ಲಿ ನಿಮ್ಮ ಮನೆಯದು ನಾರಿತು ಎನ್ನಿಸಿಕೊಳ್ಳಲು ಯಾರಿಗೂ ಇಷ್ಟವಿಲ್ಲ. ನೆಂಟರ ಮನೆಗೆ ಹೊರಟ ಮಗುವಿಗೆ ಮುಖ ತೊಳೆಸುವ ಹಾಗೆ ಮೀನಿಗೆ ಹುಣಸೆ ನೀರು, ಬೇಳೆಗೆ ಬಿಸಿಲು, ಪಾತ್ರೆಗೆ ಬೂದಿ. ಅದರಲ್ಲೂ ಚೆನ್ನಾಗಿರುವುದನ್ನೇ ಆರಿಸಿ ತರುತ್ತಾರೆ. ನನಗಿಂತ ಮೊದಲು ನಲವತ್ತು ವರ್ಷ ಅಲ್ಲಿ ಕೂತಿದ್ದ ಹಾಲಪ್ಪಜ್ಜ ‘ತೊಳೆಯದೆ ತನ್ನಿ’ ಎಂದು ಬೋರ್ಡು ಬರೆಸಿ ತೂಗುಹಾಕಿದ್ದ. ಹಬ್ಬಕ್ಕೊಮ್ಮೆ ಯಾರಾದರೂ ಬಂದು ಆ ಬೋರ್ಡನ್ನು ತೊಳೆದು ಹೋಗುತ್ತಾರೆ. ಅಕ್ಷರಗಳು ಅರ್ಧ ಹೋಗಿವೆ.

ದ್ಯಾವಮ್ಮನ ಶುಂಠಿಯೂ ತೊಳೆದೇ ಬರುತ್ತಿತ್ತು. ಊರಿನ ಅರವತ್ತು ಹಿತ್ತಿಲಿಗೆ ಬಿತ್ತನೆ ಶುಂಠಿ ಹೋಗುವುದು ಅವಳ ಮನೆಯಿಂದ. ಅವಳ ಅತ್ತೆಯ ಕಾಲದಿಂದಲೂ ಹಾಗೆಯೇ. ಕೊಯ್ಲಿನಲ್ಲಿ ಪ್ರತಿ ಮನೆಯವರೂ ತಮ್ಮ ಒಳ್ಳೆಯ ಗೆಡ್ಡೆಗಳನ್ನು ತಂದು ಅವಳ ಮನೆಯ ಹಿಂಭಾಗದ ಕೋಣೆಯ ಗುಂಡಿಗೆ ಹಾಕುತ್ತಾರೆ; ಆಕೆ ಮರಳು, ಒಣ ಎಲೆ ಹಾಕಿ ಮುಚ್ಚಿ ಕಾಯುತ್ತಾಳೆ; ಯುಗಾದಿ ಕಳೆದ ಮೇಲೆ ಗುಂಡಿ ತೆರೆದು ಎಲ್ಲರಿಗೂ ಹಂಚುತ್ತಾಳೆ. ಹೊರಗಿನ ಶುಂಠಿಗೆ ಘಮ ಇದೆ, ಖಾರ ಇಲ್ಲ. ಘಮ ಕಟ್ಟಿಕೊಂಡು ನಮಗೇನು? ದ್ಯಾವಮ್ಮನ ಶುಂಠಿ ಒಂದು ಚೂರು ಕಚ್ಚಿದರೆ ಕಿವಿಯ ತನಕ ಬಿಸಿ ಏರುತ್ತದೆ. ಆ ತಳಿ ಬೇರೆಲ್ಲೂ ಇಲ್ಲ.

ಹದಿನೈದು ದಿನಕ್ಕೊಮ್ಮೆ ಆಕೆ ನಾಲ್ಕು ಗೆಡ್ಡೆಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಮೂಗುಕಟ್ಟೆಗೆ ಬರುತ್ತಿದ್ದಳು. ಗೆಡ್ಡೆಗಳು ಮದುವೆಗೆ ಹೊರಟವರ ಹಾಗೆ ಹೊಳೆಯುತ್ತಿದ್ದವು. ನಾನು ಮೂಸಿ ಸರಿಯಿದೆ ಎನ್ನುತ್ತಿದ್ದೆ. ಆಕೆ ಸೆರಗಿನ ಗಂಟು ಬಿಚ್ಚಿ, ಬೆಲ್ಲದಲ್ಲಿ ಕುಟ್ಟಿದ ಶುಂಠಿಯ ಉಂಡೆ ತೆಗೆದು, “ಬಾಯಿ ತೆಗಿ” ಎಂದು ನನ್ನ ಬಾಯಿಗೇ ಹಾಕುತ್ತಿದ್ದಳು. ನನಗೆ ಇಪ್ಪತ್ತಮೂರು ವರ್ಷ ಎಂಬುದು ಅವಳಿಗೆ ಲೆಕ್ಕವಿರಲಿಲ್ಲ. ತೊಳೆದದ್ದು ಯಾಕೆ ತಂದೆ ಎಂದು ನಾನು ಕೇಳುತ್ತಿರಲಿಲ್ಲ. ಎಲ್ಲರೂ ತೊಳೆದೇ ತರುವಾಗ ಅವಳೊಬ್ಬಳನ್ನು ಏನು ಕೇಳುವುದು ಎಂದು ಸುಮ್ಮನಿದ್ದೆ. ಇದು ನನ್ನ ತಪ್ಪು. ಕಥೆಯ ಮೊದಲಿಗೇ ಹೇಳಿಬಿಡುವುದು ಒಳ್ಳೆಯದು.

ಯುಗಾದಿಗೆ ಇನ್ನು ಮೂರು ವಾರ ಇತ್ತು. ಬೆಳಿಗ್ಗೆ ಒಂಬತ್ತರ ಹೊತ್ತು. ಕೆರೆ ಊರಿನಿಂದ ಸೈಕಲ್ಲಿನಲ್ಲಿ ಮೀನು ತರುವ ದಾದಾಪೀರ್ ಕಾಕಾ ಬುಟ್ಟಿ ಇಳಿಸಿ ಬೀಡಿ ಹಚ್ಚಿದ್ದ. ಇನ್ನೂ ಏಳೆಂಟು ಜನ ಇದ್ದರು. ದ್ಯಾವಮ್ಮ ಬಂದು ಗಂಟು ಬಿಚ್ಚಿದಳು. ಗೆಡ್ಡೆ ಸರಿ ಇತ್ತು. ಸರಿಯಿದೆ ಎಂದೆ. ಆಕೆ “ಬಾಯಿ ತೆಗಿ” ಎಂದು ಉಂಡೆ ಹಿಡಿದು ಕೈ ಮುಂದೆ ತಂದಳು. ಕೈ ನನ್ನ ಮೂಗಿನ ಕೆಳಗೆ ಬಂದಾಗ ಸತ್ತ ಮೀನಿನ ನಾತ ಹೊಡೆದು ಹಿಂದೆ ಸರಿದೆ.

“ದೊಡ್ಡವ್ವ, ಮೀನು ಮುಟ್ಟಿದ್ಯಾ?”

“ನಾನು ಮೀನು ಬಿಟ್ಟು ಒಂಬತ್ತು ವರ್ಷ ಆಯ್ತು. ಯಾಕೆ?”

“ನನ್ನ ಬುಟ್ಟಿ ಇನ್ನೂ ಬಿಚ್ಚೇ ಇಲ್ಲಮ್ಮ” ಎಂದ ದಾದಾಪೀರ್ ಕಾಕಾ. “ಸುಮ್ನೆ ನನ್ನ ಮೇಲೆ ಹಾಕಬ್ಯಾಡ.”

ನಾನು ದ್ಯಾವಮ್ಮನ ಕೈ ಹಿಡಿದು ಉಗುರಿನ ಸಂದಿಯನ್ನು ಮೂಸಿದೆ. ಗೆಡ್ಡೆ ತೊಳೆದಿದ್ದಳು, ಕೈ ತೊಳೆದಿದ್ದಳು. ಆದರೆ ಗುಂಡಿಯೊಳಗೆ ಕೈ ಹಾಕಿ ಮೇಲಿನವನ್ನು ಆರಿಸುವಾಗ ಉಗುರಿನೊಳಗೆ ಸೇರಿದ್ದು ಅಲ್ಲೇ ಉಳಿದಿತ್ತು. ಗೆಡ್ಡೆಗೆ ಎರಡು ತರಹದ ಕೊಳೆ ಬರುತ್ತದೆ. ಒಣಗಿಕೊಂಡು ಬರುವ ಕೊಳೆ ಹಳೆಯ ಗೋಣಿಚೀಲದ ಹಾಗೆ ಮುಗ್ಗಲು ನಾತ ಬೀರುತ್ತದೆ, ಅದಕ್ಕೆ ಅವಸರವಿಲ್ಲ. ದುಂಡಾಣುವಿನಿಂದ ಬರುವುದು ಗೆಡ್ಡೆಯನ್ನು ಒಳಗಿನಿಂದ ಅಂಬಲಿ ಮಾಡುತ್ತದೆ, ಸತ್ತ ಮೀನಿನ ಹಾಗೆ ನಾರುತ್ತದೆ, ವಾರದಲ್ಲಿ ಪಕ್ಕದ ಗೆಡ್ಡೆಗೆ ಹೋಗುತ್ತದೆ. ಹಾಸ್ಟೆಲಿನ ಲೈಬ್ರರಿಯಲ್ಲಿ ಕಾದಂಬರಿಗಳು ಸದಾ ಯಾರದೋ ಹಾಸಿಗೆಯ ಕೆಳಗೆ ಇರುತ್ತಿದ್ದವು, ನನಗೆ ಸಿಗುತ್ತಿದ್ದದ್ದು ತೋಟಗಾರಿಕೆಯ ತೆಳು ಪುಸ್ತಕಗಳು. ಹಾಗಾಗಿ ಇದು ಗೊತ್ತಿತ್ತು.

“ಗೆಡ್ಡೆ ಸರಿಯಾಗೈತೆ. ನಿನ್ನ ಕೈ ನಾರ್ತೈತೆ” ಎಂದೆ.

ಅದನ್ನು ಮೆಲ್ಲಗೆ ಹೇಳಬಹುದಿತ್ತು. ನನಗೆ ಮೆಲ್ಲಗೆ ಹೇಳಲು ಬರುವುದಿಲ್ಲ. ಕಟ್ಟೆಯ ಮೇಲಿದ್ದವರೆಲ್ಲ ಇತ್ತ ತಿರುಗಿದರು. ದ್ಯಾವಮ್ಮ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

“ಮೂವತ್ತು ವರ್ಷದಿಂದ ಈ ಕೈಯಿಂದ ತಿಂದಿದೀರಿ” ಎಂದಳು. ನನಗಲ್ಲ, ಎಲ್ಲರಿಗೂ.

“ಗುಂಡಿ ತೆಗಿಸು ದೊಡ್ಡವ್ವ. ತಳದಲ್ಲಿ ಕೊಳೆತೈತೆ.”

“ನಿಮ್ಮಪ್ಪನ ಕಾಲ್ಚೀಲ ಮೂಸಿ ಬಂದು ನಂಗೆ ಹೇಳ್ಬ್ಯಾಡ” ಎಂದು ಗೆಡ್ಡೆ ಕಟ್ಟಿಕೊಂಡು ಹೊರಟಳು. ಉಂಡೆ ಕಟ್ಟೆಯ ಮೇಲೆ ಬಿದ್ದಿತ್ತು. ದಾದಾಪೀರ್ ಕಾಕಾ ಅದನ್ನೇ ನೋಡುತ್ತಾ, “ನಂಗೆ ಇಪ್ಪತ್ತು ವರ್ಷದಿಂದ ಎಲ್ರೂ ನಾರ್ತೀಯ ಅಂತಾರೆ. ಮೊದ್ಲ ದಿನ ಮಾತ್ರ ಕಷ್ಟ” ಎಂದ. ಯಾರೂ ನಗಲಿಲ್ಲ.

ಮನೆಗೆ ಸುದ್ದಿ ನನಗಿಂತ ಮೊದಲೇ ಹೋಗಿತ್ತು. ಅವ್ವ ತಟ್ಟೆಯನ್ನು ನನ್ನ ಮುಂದೆ ಕುಕ್ಕಿದಳು. “ಅವಳು ಈ ಸಲ ನಮಗೆ ಬಿತ್ತನೆ ಕೊಡಲ್ಲ. ತಿನ್ನು, ಸಪ್ಪೆ ತಿನ್ನು” ಎಂದಳು. ನಾನು ತಿಂದೆ. ಅವ್ವನ ಚಿಂತೆ ನಮ್ಮ ಒಂದು ಹಿತ್ತಿಲಿನದು. ನನ್ನದು ಬೇರೆ. ಹಬ್ಬ ಕಳೆದು ದ್ಯಾವಮ್ಮ ಗುಂಡಿ ತೆರೆದು ಮೇಲಿನ ಹೊಳೆಯುವ ಗೆಡ್ಡೆಗಳನ್ನು ಹಂಚಿದರೆ, ಅದರೊಳಗೆ ಕೂತಿರುವ ಕೊಳೆ ಅರವತ್ತು ಹಿತ್ತಿಲಿನ ಮಣ್ಣಿಗೆ ಹೋಗುತ್ತದೆ. ಒಮ್ಮೆ ಮಣ್ಣಿಗೆ ಹೋದರೆ ವರ್ಷಗಟ್ಟಲೆ ಅಲ್ಲಿ ಶುಂಠಿ ಹಾಕುವಂತಿಲ್ಲ. ತಳಿ ಮುಗಿಯುತ್ತದೆ. ಅದಕ್ಕೆ ಕಾರಣ ದ್ಯಾವಮ್ಮ ಎಂದಾಗುತ್ತದೆ. ಮೂಸಿ ಮೂಸಿ ಸರಿಯಿದೆ ಎಂದವಳು ನಾನು ಎಂಬುದನ್ನು ಯಾರೂ ನೆನಪಿಡುವುದಿಲ್ಲ. ಹಾಗೆ ಬಚಾವಾಗುವುದು ನನಗೆ ಹಿಡಿಸಲಿಲ್ಲ.

ಮಾರನೆಯ ಬೆಳಿಗ್ಗೆ ಒಂದು ಗಾಜಿನ ಲೋಟ ಹಿಡಿದು ಅವಳ ಮನೆಗೆ ಹೋದೆ. ಆಕೆ ಹೊಸ್ತಿಲ ಮೇಲೆ ಕೂತು ಬೇವಿನ ಕಡ್ಡಿಯಿಂದ ಉಗುರಿನ ಸಂದಿ ಕೆರೆಯುತ್ತಿದ್ದಳು. ಬೆರಳ ತುದಿಯೆಲ್ಲ ಕೆಂಪಾಗಿತ್ತು.

“ನಿನ್ನ ಮೂಗು ಇಲ್ಲಿ ನಡಿಯಲ್ಲ” ಎಂದಳು.

“ಅದಕ್ಕೇ ಲೋಟ ತಂದಿದೀನಿ. ಗುಂಡಿ ತಳದಿಂದ ಒಂದು ತೆಗಿ. ತೊಳೀಬ್ಯಾಡ.”

ಆಕೆ ಎದ್ದು ಹೋಗಿ, ಮೊಣಕೈ ತನಕ ಮರಳು ಮಾಡಿಕೊಂಡು ಒಂದು ಗೆಡ್ಡೆ ತಂದಳು. ನೋಡಲು ಸರಿಯಾಗಿಯೇ ಇತ್ತು. ಒತ್ತಿದರೆ ಗಟ್ಟಿ. ನಾನು ಅದನ್ನು ಅಡ್ಡಲಾಗಿ ಕೊಯ್ದು, ಕೊಯ್ದ ಮುಖ ನೀರಿಗೆ ತಾಗುವ ಹಾಗೆ ಲೋಟದಲ್ಲಿ ಹಿಡಿದೆ. ಇಬ್ಬರೂ ನೋಡುತ್ತಾ ಕೂತೆವು. ಪಕ್ಕದ ಮನೆಯ ಹೆಂಗಸು ನೀರು ತುಂಬಿಕೊಂಡು ಎರಡು ಸಲ ಹಾದುಹೋದಳು. ಆಮೇಲೆ ಗೆಡ್ಡೆಯ ತುದಿಯಿಂದ ಹೊಲಿಗೆಯ ದಾರದಷ್ಟು ತೆಳ್ಳಗೆ, ಹಾಲಿನ ಬಣ್ಣದ ಎಳೆ ಇಳಿಯಲು ಶುರುವಾಯಿತು. ಒಂದು, ಎರಡು, ಮೂರು. ನೀರು ಮಬ್ಬಾಯಿತು.

“ಇದೇನು?”

“ದುಂಡಾಣು. ಒಳಗೇ ಕೂತೈತೆ.”

“ಎಲ್ಲದರಲ್ಲೂ ಐತಾ?”

“ಗೊತ್ತಿಲ್ಲ. ಲೋಟದಲ್ಲಿ ಒಂದೊಂದೇ ನೋಡ್ತಾ ಕೂತ್ರೆ ದೀಪಾವಳಿ ಆಗ್ತೈತೆ. ಕಲ್ಲು ದಾಟಿಸಿದ್ರೆ ಒಂದೇ ದಿನದಲ್ಲಿ ಹೇಳ್ತೀನಿ. ಹಂಗೇ ತರಬೇಕು, ಮರಳು ಸಮೇತ. ಅಷ್ಟೂ.”

ದ್ಯಾವಮ್ಮ ಲೋಟ ನೋಡುತ್ತಲೇ ಇದ್ದಳು. ತೊಳೆಯದ ಶುಂಠಿಯನ್ನು ತೆರೆದ ಬುಟ್ಟಿಯಲ್ಲಿ ಬೀದಿಯಲ್ಲಿ ಹೊತ್ತುಕೊಂಡು ಹೋಗಬೇಕು. ಬೀದಿಯಲ್ಲಿ ಯಾರಿಗೂ ಏನೂ ನಾರುವುದಿಲ್ಲ, ಆದರೆ ಎಲ್ಲರಿಗೂ ಕಾಣುತ್ತದೆ. ಕಲ್ಲು ದಾಟಿದ ಮೇಲೆ ಕಾಣುವುದೂ ಆಯಿತು, ನಾರುವುದೂ ಆಯಿತು. ಶುಂಠಿ ದ್ಯಾವಮ್ಮ ಎಂದು ಊರು ಕರೆಯುತ್ತಿದ್ದ ಹೆಂಗಸು ನಾಳೆಯಿಂದ ಏನಾಗುತ್ತಾಳೆ ಎಂದು ಅವಳು ಯೋಚಿಸುತ್ತಿದ್ದಳು.

“ನಾನೊಬ್ಬಳೇ ಯಾಕೆ ತರಬೇಕು?” ಎಂದಳು ಕೊನೆಗೆ. “ನೀನೂ ತಾ. ನಿಮ್ಮ ಮನೆಯಿಂದ ಒಂದು ತೊಳೀದೆ ಇರೋದು ತಂದು ಎಲ್ಲರ ಮುಂದೆ ಇಡು. ಆಗ ಬರ್ತೀನಿ.”

ಕೇಳಿದ್ದು ನ್ಯಾಯವಾಗಿತ್ತು. ನನ್ನ ದಿಂಬು ತರುತ್ತೇನೆ ಎಂದೆ. ಆರು ತಿಂಗಳಿಂದ ಕವರು ಒಗೆದಿರಲಿಲ್ಲ. ನಮ್ಮೂರಿನಲ್ಲಿ ಒಗೆಯದಿರುವುದು ಸುಲಭ, ನೆನಪಿಸುವವರು ಯಾರೂ ಇಲ್ಲ.

ಮರುದಿನ ಬೆಳಿಗ್ಗೆ ಅವ್ವ ಬಾಗಿಲಿಗೆ ಅಡ್ಡ ನಿಂತಳು. “ಆ ದಿಂಬು ಹೊರಗೆ ಹೋದ್ರೆ ನಿಂಗೆ ಗಂಡು ಸಿಗಲ್ಲ.” “ದಿಂಬು ನೋಡಿ ಬರೋ ಗಂಡು ನಂಗೆ ಬ್ಯಾಡ” ಎಂದೆ. “ನೋಡಲ್ಲ ಕಣೇ, ಮೂಸ್ತಾನೆ” ಎಂದಳು ಅವ್ವ. ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳ ಪಕ್ಕದಿಂದ ನುಸುಳಿ ಹೋದೆ.

ಹನ್ನೊಂದು ಬುಟ್ಟಿ ಆಯಿತು. ದ್ಯಾವಮ್ಮ ಮೊದಲನೆಯದನ್ನು ತಾನೇ ತಲೆಯ ಮೇಲೆ ಹೊತ್ತು, ಯಾರ ಮುಖವನ್ನೂ ನೋಡದೆ ನಡುಬೀದಿಯಲ್ಲಿ ನಡೆದಳು. ಉಳಿದದ್ದನ್ನು ಕೈಗಾಡಿಯಲ್ಲಿ ತಂದೆವು. ಜನ ಬಾಗಿಲಿಗೆ ಬಂದರು. ಕೆಲವರು ಹಿಂದೆಯೇ ನಡೆದರು. ಕಲ್ಲು ದಾಟುತ್ತಿದ್ದ ಹಾಗೆ ಎಲ್ಲರಿಗೂ ಒಟ್ಟಿಗೆ ಗೊತ್ತಾಯಿತು. ಒಬ್ಬ ಹೆಂಗಸು ಸೆರಗು ಮೂಗಿಗೆ ಒತ್ತಿಕೊಂಡು ವಾಪಸು ಒಳಗೆ ಓಡಿದಳು. ಮೀನಿನ ಬುಟ್ಟಿಯ ಪಕ್ಕ ಕೂತಿದ್ದ ದಾದಾಪೀರ್ ಕಾಕಾ ಎದ್ದು ನಿಂತು, “ಅಲ್ಲಮ್ಮ, ಇವತ್ತು ನನ್ನ ವ್ಯಾಪಾರ ಪೂರಾ ಹೋಯ್ತು. ನನ್ನ ಮೀನು ಇದರ ಮುಂದೆ ಗಂಧದ ಕಡ್ಡಿ” ಎಂದ.

ದ್ಯಾವಮ್ಮ ಬುಟ್ಟಿ ಇಳಿಸಿ ನನ್ನ ಕಡೆ ನೋಡಿದಳು. ನಾನು ದಿಂಬನ್ನು ಕಟ್ಟೆಯ ನಡುವೆ ಇಟ್ಟೆ. ಆಕೆ ಬಗ್ಗಿ ಮೂಸಿದಳು. ಅಭ್ಯಾಸವಿಲ್ಲದ ಮೂಗು, ಬಹಳ ಹೊತ್ತು ಮೂಸಿದಳು.

“ಥೂ” ಎಂದಳು. “ಇದು ಶುಂಠಿಗಿಂತ ಮೇಲು ಅನ್ನೋದು ಕಷ್ಟ.” ಆಗ ಜನ ನಕ್ಕರು. ದ್ಯಾವಮ್ಮನೂ ನಕ್ಕಳೋ ಇಲ್ಲವೋ ನಾನು ನೋಡಲಿಲ್ಲ. ಕೆಲಸ ಶುರು ಮಾಡಬೇಕಿತ್ತು.

ಮೊದಲ ಬುಟ್ಟಿಯಲ್ಲೇ ಒಂದು ವಿಷಯ ಗೊತ್ತಾಯಿತು. ಕೊಳೆತ ಭಾಗ ಕೊಯ್ದು ಉಳಿದದ್ದನ್ನು ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಅದ್ದಬೇಕು, ಪ್ರತಿ ಗೆಡ್ಡೆ ಕೊಯ್ದ ಮೇಲೂ ಚಾಕುವನ್ನು ಅದೇ ನೀರಿಗೆ ಅದ್ದಬೇಕು. ಇಲ್ಲದಿದ್ದರೆ ಚಾಕುವೇ ಕೊಳೆಯನ್ನು ಮುಂದಿನದಕ್ಕೆ ದಾಟಿಸುತ್ತದೆ. ಆದರೆ ಬ್ಲೀಚಿಂಗ್ ನೀರಿನ ಬಕೆಟ್ಟು ಹತ್ತಿರ ಇದ್ದರೆ ಮೂಗಿಗೆ ಬೇರೇನೂ ಹತ್ತುವುದಿಲ್ಲ. ಬಕೆಟ್ಟನ್ನು ಕಲ್ಲಿನ ಒಳಗೆ ಇಟ್ಟೆವು. ಅಲ್ಲಿಂದ ಈಚೆಗೆ ಏನೂ ಬರಲಿಲ್ಲ. ಹಾಗೆ ಕೆಲಸ ಎರಡಾಯಿತು. ಕಲ್ಲಿನ ಆಚೆ ನಾನು ಮೂಸುವುದು, ಕಲ್ಲಿನ ಒಳಗೆ ದ್ಯಾವಮ್ಮ ಕೊಯ್ಯುವುದು. ಸರಿ ಇರುವುದು ಬಲಕ್ಕೆ, ಪೂರ್ತಿ ಹೋದದ್ದು ಎಡಕ್ಕೆ, ಅನುಮಾನದ್ದು ದ್ಯಾವಮ್ಮನ ಮೊರಕ್ಕೆ. ನೂರು ಗೆಡ್ಡೆ ಆಗುವಷ್ಟರಲ್ಲಿ ಮೂಗು ಸೋತು ಎಲ್ಲವೂ ಒಂದೇ ಎನ್ನಿಸುತ್ತಿತ್ತು. ಆಗ ಎದ್ದು ಕಲ್ಲು ದಾಟಿ ಒಳಗೆ ನಿಲ್ಲುತ್ತಿದ್ದೆ. ಎರಡು ನಿಮಿಷ ಏನೂ ಇಲ್ಲ. ತೊಳೆದ ಸ್ಲೇಟಿನ ಹಾಗೆ ಮೂಗು ಖಾಲಿಯಾಗುತ್ತಿತ್ತು. ಮತ್ತೆ ಆಚೆ ಹೋಗಿ ಕೂರುತ್ತಿದ್ದೆ. ಇಂಥ ಊರಿನಿಂದ ಏನು ಪ್ರಯೋಜನ ಎಂದು ಹಾಸ್ಟೆಲಿನಲ್ಲಿ ನನ್ನನ್ನು ಗೇಲಿ ಮಾಡುತ್ತಿದ್ದರು. ಪ್ರಯೋಜನ ಇತ್ತು.

ದ್ಯಾವಮ್ಮ ಮೊದಮೊದಲು ಕೊಳೆತ ತುದಿಯನ್ನಷ್ಟೇ ಉಗುರಿನಷ್ಟು ಕೊಯ್ಯುತ್ತಿದ್ದಳು. “ಇನ್ನೂ ಒಳಗೆ” ಎಂದೆ. ಮತ್ತೊಂದು ಉಗುರಿನಷ್ಟು ಕೊಯ್ದಳು. “ದೊಡ್ಡವ್ವ, ಕಂದು ಬಣ್ಣ ಪೂರ್ತಿ ಹೋಗಿ ಹಳದಿ ಬರಬೇಕು. ಅದರಾಚೆಗೂ ಒಂದು ಬೆರಳು.”

“ಅರ್ಧ ಹೋಗ್ತೈತಲ್ಲೇ.”

“ಪೂರ್ತಿ ಹೋಗೋದಕ್ಕಿಂತ ವಾಸಿ.”

ಆಕೆ ಹಲ್ಲು ಕಚ್ಚಿ ಕೊಯ್ದಳು. ಮಧ್ಯಾಹ್ನದ ಹೊತ್ತಿಗೆ ಕೈ ಕುದುರಿತು. ನಾನು ಹೇಳುವ ಮೊದಲೇ ಹಳದಿಯ ಆಚೆಗೆ ಹೋಗಿ, ಚಾಕು ಅದ್ದಿ, ಮುಂದಿನದು ಎನ್ನುತ್ತಿದ್ದಳು. ಪಕ್ಕದ ಮನೆಯ ಹೆಂಗಸು, ಹಿಂದಿನ ದಿನ ನೀರು ತುಂಬಿಕೊಂಡು ಎರಡು ಸಲ ಹಾದುಹೋದವಳು, ತನ್ನ ಚಾಕು ತಂದು ಕೂತಳು. ಮತ್ತಿಬ್ಬರು ಬಂದರು. ಕೊಯ್ದ ತುಂಡುಗಳನ್ನು ಅರ್ಧ ಗಂಟೆ ಬ್ಲೀಚಿಂಗ್ ನೀರಿನಲ್ಲಿ ಮುಳುಗಿಸಿ, ಕೊಯ್ದ ಮುಖ ಮೇಲಾಗಿ ಚಾಪೆಯ ಮೇಲೆ ಹರವಿದರು. ಗಾಯ ಒಣಗಿ ಸಿಪ್ಪೆ ಕಟ್ಟಬೇಕು, ಆಮೇಲೇ ಮಣ್ಣು. ಎಡಕ್ಕೆ ಹಾಕಿದ್ದನ್ನು ದೂರದಲ್ಲಿ ಆಳವಾದ ಗುಂಡಿ ತೋಡಿ ಸುಣ್ಣ ಸುರಿದು ಮುಚ್ಚಿದೆವು. ದಾದಾಪೀರ್ ಕಾಕಾ ಮೀನು ಮಾರುವುದು ಬಿಟ್ಟು ಗುಂಡಿ ತೋಡಿದ. “ನನ್ನ ಮೂಗು ಸತ್ತು ಎಷ್ಟೋ ಕಾಲ ಆಯ್ತು, ಇದು ನನ್ನ ಕೆಲಸ” ಎಂದ.

ಹೊತ್ತು ಇಳಿಯುವಾಗ ಹನ್ನೊಂದು ಬುಟ್ಟಿಯಲ್ಲಿ ನೆಡಲು ಯೋಗ್ಯವಾಗಿ ಮೂರು ಬುಟ್ಟಿಯಷ್ಟು ಉಳಿದಿತ್ತು. ದ್ಯಾವಮ್ಮ ಚಾಪೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಆ ತುಂಡುಗಳನ್ನು ನೋಡಿದಳು. ಮೂಗು, ಬೆರಳು, ಕಿವಿ ಕಳೆದುಕೊಂಡ ಗೆಡ್ಡೆಗಳು.

“ಇದು ಅರವತ್ತು ಮನೆಗೆ ಎಲ್ಲಿ ಸಾಲ್ತೈತೆ?” ಎಂದು ಯಾರೋ ಕೇಳಿದರು.

“ಸಾಲಲ್ಲ” ಎಂದಳು ದ್ಯಾವಮ್ಮ. “ಈ ವರ್ಷ ಯಾರಿಗೂ ಕೊಡಲ್ಲ. ಶಾಲೆ ಹಿಂದಿನ ದಿಬ್ಬದ ಮಣ್ಣು ಶುಂಠಿ ಕಂಡೇ ಇಲ್ಲ. ಅಲ್ಲಿ ಏರುಮಡಿ ಹಾಕಿ ಎಲ್ಲಾ ಒಂದೇ ಕಡೆ ನೆಡ್ತೀನಿ. ನೀರು ನಿಲ್ಲಬಾರದು. ಮನೆಗೊಬ್ಬರು ಬಂದು ಗುದ್ದಲಿ ಹಿಡೀರಿ. ಬರೋ ವರ್ಷ ಹಂಚ್ತೀನಿ.” ಆಮೇಲೆ, “ನಾನು ತಳದ್ದು ತೋರಿಸಲಿಲ್ಲ. ನಾಚಿಕೆ ಆಯ್ತು” ಎಂದಳು. ಇದನ್ನು ಆಕೆ ಕಟ್ಟೆಯ ಎದುರಿಗೆ ಎಲ್ಲರ ಮುಂದೆ ಹೇಳಿದಳು. ನಾನು ಕೇಳಲಿಲ್ಲ ಎಂದು ನಾನೂ ಹೇಳಿದೆ. ಅಲ್ಲಿಗೆ ಆ ಮಾತು ಮುಗಿಯಿತು, ಎಲ್ಲರಿಗೂ ಹಸಿವಾಗಿತ್ತು.

ಆ ವರ್ಷ ಊರು ಸಪ್ಪೆಯಾಗಿ ಉಂಡಿತು. ಹಸಿಮೆಣಸಿನಕಾಯಿಗೆ ಬೇಡಿಕೆ ಹೆಚ್ಚಿತು. ಸಂಜೆಯ ಹೊತ್ತು ಜನ ವಾಕಿಂಗ್ ಹೊರಟವರ ಹಾಗೆ ದಿಬ್ಬದ ಕಡೆ ಹೋಗಿ ಮಡಿಗಳನ್ನು ನೋಡಿ ಬರುತ್ತಿದ್ದರು. ಜೂನ್ ತಿಂಗಳಲ್ಲಿ ಎರಡು ಗಿಡ ಹಳದಿಯಾಗಿ ಬಾಗಿದವು. ದ್ಯಾವಮ್ಮ ನನ್ನನ್ನು ಕೇಳದೆ ಅವನ್ನು ಬುಡ ಸಮೇತ, ಸುತ್ತಲಿನ ಮಣ್ಣು ಸಮೇತ ಕಿತ್ತು ಬುಟ್ಟಿಗೆ ಹಾಕಿಕೊಂಡು ಕಲ್ಲು ದಾಟಿ ಬಂದಳು. ತೊಳೆದಿರಲಿಲ್ಲ. ಅದನ್ನು ನೋಡಿಯೇ ಇರಬೇಕು, ಮಾರನೆಯ ದಿನ ಒಬ್ಬಾಕೆ ಹಿಟ್ಟಿನ ಡಬ್ಬಿಯನ್ನು ಹುಳು ಸಮೇತ ತಂದು ಕಟ್ಟೆಯ ಮೇಲಿಟ್ಟು, “ಮೂಸು, ಏನಾದ್ರೂ ಅನ್ನು” ಎಂದಳು. ಎಲ್ಲರೂ ಹಾಗಾದರು ಎಂದಲ್ಲ. ಅರ್ಧದಷ್ಟು ಜನ ಈಗಲೂ ತೊಳೆಯುತ್ತಾರೆ. ಅವ್ವ ನನ್ನ ದಿಂಬಿನ ಕವರನ್ನು ವಾರಕ್ಕೊಮ್ಮೆ ಒಗೆಯುತ್ತಾಳೆ.

ದೀಪಾವಳಿಗೆ ನಾಲ್ಕು ದಿನ ಇರುವಾಗ ದಿಬ್ಬದ ಒಂದು ಮಡಿಯ ಮೂಲೆಯನ್ನು ತೋಡಿ ನೋಡಿದರು. ಬೆಳಿಗ್ಗೆ ಒಂಬತ್ತರ ಹೊತ್ತು ದ್ಯಾವಮ್ಮ ಮೂಗುಕಟ್ಟೆಗೆ ಬಂದಳು. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಮಣ್ಣು ಮೆತ್ತಿದ ಗೆಡ್ಡೆಗಳು, ಬೇರು, ಒಂದು ಎರೆಹುಳು. ದಾದಾಪೀರ್ ಕಾಕಾ ಜಾಗ ಬಿಟ್ಟು ಸರಿದು ಕೂತ. ನಾನು ಬುಟ್ಟಿಗೆ ಕೈ ಚಾಚಿದೆ. ಆಕೆ ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡಳು.

“ಮೊದ್ಲು ಕೈ” ಎಂದು ಎರಡೂ ಕೈ ಮುಂದೆ ಹಿಡಿದಳು.

ನಾನು ಹತ್ತೂ ಉಗುರುಗಳ ಸಂದಿಯನ್ನು ಒಂದೊಂದಾಗಿ ಮೂಸಿದೆ. ಅವಸರ ಮಾಡಲಿಲ್ಲ, ಒಮ್ಮೆ ಎದ್ದು ಕಲ್ಲು ದಾಟಿ ಒಳಗೆ ನಿಂತು, ಮೂಗು ಖಾಲಿ ಮಾಡಿಕೊಂಡು ಬಂದು ಮತ್ತೆ ಮೂಸಿದೆ. ಒದ್ದೆ ಮಣ್ಣು, ಕಿತ್ತ ಬೇರು, ಹಸಿ ಶುಂಠಿಯ ಘಮ. ಬೇರೇನೂ ಇರಲಿಲ್ಲ.

“ಮಣ್ಣು” ಎಂದೆ.

“ಅಷ್ಟೇನಾ?”

“ಅಷ್ಟೇ.”

ಆಕೆ ಸೆರಗಿನ ಗಂಟು ಬಿಚ್ಚಿದಳು. ಬೆಲ್ಲದ ಉಂಡೆಗೆ ಬೆರಳಿನ ಮಣ್ಣು ಸ್ವಲ್ಪ ಹತ್ತಿತು.

“ಬಾಯಿ ತೆಗಿ” ಎಂದಳು.